ಸಂಗಡಿಗರನ್ನು ಮುಂದೆ ಕಳುಹಿಸಿದ ಆ ದಿನ

ಮದ್ರಸದ ಮಕ್ಕಳಿಗೆ ನಾವು ಸುಮಾರು ಇಪ್ಪತ್ತು ವರ್ಷಗಳಿಂದ ಒಂದು ಘಟನೆಯನ್ನು ಹೇಳುತ್ತಾ ಬಂದಿದ್ದೇವೆ. ಪ್ರಯಾಣವೊಂದರಲ್ಲಿ ಪ್ರವಾದಿವರ್ಯರು(ಸ) ತಮ್ಮ ಪತ್ನಿ ಹಝ್ರತ್ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದರು. ತೆಳುಕಾಯದ ಆಯಿಶಾ(ರ) ಗೆದ್ದರು. ಕಾಲಾಂತರದಲ್ಲಿ ಅವರ ಮೈ ತುಂಬಿಕೊಂಡ ಬಳಿಕ ಮತ್ತೊಂದು ಪ್ರಯಾಣದಲ್ಲಿ ಮತ್ತೊಮ್ಮೆ ಪಂದ್ಯ ನಡೆಯಿತು. ಈ ಬಾರಿ ಪ್ರವಾದಿವರ್ಯರು(ಸ) ಗೆದ್ದರು, ಅಂದಿನದಕ್ಕೆ ಇಂದು ಸರಿಹೋಯಿತು ಎಂಬರ್ಥದ ಮಾತನ್ನು ನಗುತ್ತಾ ಹೇಳಿದರು. ಮಕ್ಕಳು ನಗುತ್ತಾರೆ. ನಾವೂ ನಕ್ಕು ಮುಂದಿನ ಪಾಠಕ್ಕೆ ಹೋಗುತ್ತೇವೆ.

ಹೀಗೆ ನಕ್ಕು ಮುಂದೆ ಹೋದದ್ದೇ ನಮ್ಮ ತಪ್ಪು ಎಂದು ತಿಳಿಯಲು ಒಂದು ರಕ್ತಪರೀಕ್ಷೆ ಬೇಕಾಯಿತು.

ಅದು ರಬೀಉಲ್ ಅವ್ವಲ್ ತಿಂಗಳು. ಊರೂರಿನ ಮೀಲಾದ್ ವೇದಿಕೆಗಳಲ್ಲಿ ಪ್ರವಾದಿವರ್ಯರ(ಸ) ದಾಂಪತ್ಯ ಜೀವನದ ಕುರಿತು ನಾವು ಭಾಷಣ ಮಾಡುತ್ತಿದ್ದ ವಾರದಲ್ಲೇ ಮನೆಯಾಕೆಯ ಬರಿಹೊಟ್ಟೆಯ ಸಕ್ಕರೆ 118 ಎಂದು ಬಂತು. ಕಾಯಿಲೆ ಇನ್ನೂ ಒಳಗೆ ಬಂದಿಲ್ಲ, ಹೊಸ್ತಿಲಲ್ಲಿ ನಿಂತಿದೆ ಎಂದರು ವೈದ್ಯರು. ಆಕೆಯ ತಾಯಿ ಇದೇ ಕಾಯಿಲೆಯಿಂದ ಒಂದು ಪಾದವನ್ನು ಕಳೆದುಕೊಂಡವರು. ಆ ಪಾದದ ಗಾಯವನ್ನು ತಿಂಗಳುಗಟ್ಟಲೆ ತೊಳೆದು ಕಟ್ಟಿದವಳು ಈ ಮಗಳೇ. ಆದುದರಿಂದ ಆ ಅಂಕೆಯನ್ನು ಆಕೆ ಓದಿದ ರೀತಿಯೇ ಬೇರೆ. ಮರುದಿನವೇ ಆಕೆ, "ನಾಳೆಯಿಂದ ನಾನು ರಸ್ತೆಯಲ್ಲಿ ನಡೆಯುತ್ತೇನೆ, ಆಗುವುದಾದರೆ ಓಡುತ್ತೇನೆ" ಎಂದಳು.

ನಾವು ಬೇಡವೆಂದೆವು. ಕಾರಣ ಕೇಳಿದಾಗ ಪರ್ದಾದ ಮಾತೆತ್ತಿದೆವು. ಒಳಗಿದ್ದ ನಿಜವಾದ ಕಾರಣ ಮಾತ್ರ ಅದಲ್ಲ. ಉಸ್ತಾದರ ಹೆಂಡತಿ ಬೆಳ್ಮಣ್ ಪೇಟೆಯಲ್ಲಿ ಓಡಿದಳಂತೆ ಎಂಬ ಮಾತು ಮಸೀದಿಯ ಜಗಲಿಗೆ ಬಂದರೆ ನಮ್ಮ ಮುಖ ಎಲ್ಲಿಡುವುದು ಎಂಬುದೇ ನಮ್ಮ ಚಿಂತೆಯಾಗಿತ್ತು. ಆಕೆ ವಾದಕ್ಕೆ ನಿಲ್ಲಲಿಲ್ಲ. "ಮೊನ್ನೆ ಭಾಷಣದಲ್ಲಿ ಹೇಳಿದ ಆಯಿಶಾ ಬೀವಿಯವರ ಓಟ ನಡೆದದ್ದು ಮನೆಯೊಳಗೋ, ಹೊರಗೋ?" ಎಂದಷ್ಟೇ ಕೇಳಿದಳು.

ಆ ರಾತ್ರಿ ಕಿತಾಬು ತೆರೆದೆವು. ಅಬೂದಾವೂದ್‌ನಲ್ಲಿ ಈ ಹದೀಸ್ ಸಂಕ್ಷಿಪ್ತವಾಗಿದೆ. ಮುಸ್ನದ್ ಅಹ್ಮದ್‌ನ ನಿರೂಪಣೆಯಲ್ಲಿ ಇನ್ನೊಂದು ವಿವರವಿದೆ. ಅದನ್ನು ನಾವು ಮೊದಲೂ ಓದಿದ್ದೆವು, ಆದರೆ ಅದರ ಮೇಲೆ ನಿಂತಿರಲಿಲ್ಲ. ಪಂದ್ಯಕ್ಕೆ ಮುನ್ನ ಪ್ರವಾದಿವರ್ಯರು(ಸ) ಸಂಗಡಿಗರಿಗೆ ಮುಂದೆ ಸಾಗಿರಿ ಎಂದು ಸೂಚಿಸಿದರು. ಅವರು ಮುಂದೆ ಹೋದ ಮೇಲೆಯೇ ಪತ್ನಿಯನ್ನು ಓಟಕ್ಕೆ ಕರೆದರು. ಎರಡು ಸಲವೂ ಹಾಗೆಯೇ.

ಓದುಗರು ಇಲ್ಲಿ ಸ್ವಲ್ಪ ಯೋಚಿಸಬೇಕೆಂದು ನಮ್ಮ ವಿನಂತಿ. ಹೆಣ್ಣಿನ ಮರ್ಯಾದೆಯನ್ನು ಕಾಯುವ ಹೊಣೆ ಅಲ್ಲಿ ಇತ್ತು, ಸಂಪೂರ್ಣವಾಗಿ ಇತ್ತು. ಆದರೆ ಆ ಹೊಣೆಯನ್ನು ಪ್ರವಾದಿವರ್ಯರು(ಸ) ತಮ್ಮ ಮೇಲೆ ಹೊತ್ತುಕೊಂಡರು. ನೋಡುವ ಕಣ್ಣುಗಳನ್ನು ಮುಂದೆ ಕಳುಹಿಸಿ ಆಕೆಗೆ ಬಯಲನ್ನು ತೆರವು ಮಾಡಿಕೊಟ್ಟರು. ನಾವಾದರೋ ಬಯಲನ್ನು ನಮಗಿಟ್ಟುಕೊಂಡು ಆಕೆಯನ್ನು ಒಳಗೆ ಕಳುಹಿಸುತ್ತೇವೆ, ಮತ್ತು ಅದಕ್ಕೂ ಅದೇ ಹೆಸರನ್ನು ಕೊಡುತ್ತೇವೆ.

ಇದಕ್ಕೆ ಬರುವ ಆಕ್ಷೇಪ ನಮಗೆ ಗೊತ್ತು, ಕೇಳಿಯೂ ಆಗಿದೆ. ಸಫಾ-ಮರ್ವಾಗಳ ನಡುವೆ ಹಸಿರು ಗುರುತಿನ ಸ್ಥಳದಲ್ಲಿ ಗಂಡಸರು ಓಡಬೇಕು, ಹೆಂಗಸರು ಓಡಬೇಕಾಗಿಲ್ಲ ಎಂದು ಫಿಕ್ಹ್ ಹೇಳುತ್ತದೆ. ಆದುದರಿಂದ ಓಟ ಹೆಣ್ಣಿಗೆ ಹೇಳಿದ್ದಲ್ಲ ಎಂದು ಹಿರಿಯರೊಬ್ಬರು ನಮಗೆ ತಿಳಿಹೇಳಿದರು. ಆ ವಿಧಿಯನ್ನು ನಾವು ಪ್ರಶ್ನಿಸುವುದಿಲ್ಲ. ಆರಾಧನೆಯ ವಿಧಿ ಆರಾಧನೆಯದ್ದೇ. ಆದರೆ ಏಳು ಬಾರಿಯ ಆ ನಡಿಗೆ, ಒಟ್ಟು ಸುಮಾರು 3 ಕಿಲೋಮೀಟರ್, ಯಾರ ಹೆಜ್ಜೆಯ ನೆನಪು? ಬಾಯಾರಿದ ಕೂಸಿಗಾಗಿ ಮರಳಿನಲ್ಲಿ ಧಾವಿಸಿದ ಮಾತೆ ಹಾಜಿರಾ(ಅ)ರದ್ದಲ್ಲವೇ? ಜಗತ್ತಿನ ಮುಸ್ಲಿಮ್ ಗಂಡಸರೆಲ್ಲ ಒಬ್ಬ ತಾಯಿಯ ಓಟವನ್ನು ಅನುಕರಿಸುತ್ತಿರುವಾಗ, ಓಟವೇ ಹೆಣ್ಣಿಗೆ ಶೋಭೆಯಲ್ಲ ಎನ್ನುವುದು ಹೇಗೆ?

ಕೊನೆಗೆ ನಾವಿಬ್ಬರೂ ಒಟ್ಟಿಗೆ ಹೊರಟೆವು. ಒಟ್ಟಿಗೆ ಎನ್ನುವುದಕ್ಕೆ ನಮ್ಮ ಹೊಟ್ಟೆಯ ಸುತ್ತಳತೆಯೂ ಕಾರಣ. ಸುಬ್‌ಹಿ ನಮಾಝ್ ಮುಗಿಸಿದ ಮೇಲೆ ಮದ್ರಸದ ಗಂಟೆ ಹೊಡೆಯುವವರೆಗೆ ಇರುವ ಸಮಯ ಒಂದು ಗಂಟೆಗೂ ಕಡಿಮೆ. ಪಡುಬಿದ್ರಿ-ಕಾರ್ಕಳ ಹೆದ್ದಾರಿಯಲ್ಲಿ ಆ ಹೊತ್ತಿಗೇ ಲಾರಿಗಳ ಓಡಾಟವಿರುವುದರಿಂದ ವಾರದ ದಿನಗಳಲ್ಲಿ ಒಳರಸ್ತೆಗಳನ್ನು ಹಿಡಿದೆವು. ಮೊದಲ ವಾರ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ. ಅಷ್ಟಕ್ಕೇ ನಮಗೆ ಮೇಲುಸಿರು. ಓಟದ ಅನುಭವವಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಎರಡು ಮಾತು ಹೇಳಿಕೊಟ್ಟ. ವಾರದ ಒಟ್ಟು ದೂರವನ್ನು ಹತ್ತನೇ ಒಂದು ಪಾಲಿಗಿಂತ ಹೆಚ್ಚು ಏರಿಸಬಾರದು. ಮಾತನಾಡುತ್ತಾ ಓಡಲು ಆಗುವಷ್ಟೇ ವೇಗವಿರಬೇಕು. ಎರಡನೆಯದನ್ನು ನಾವು ನಮ್ಮ ರೀತಿಯಲ್ಲಿ ಅಳೆದುಕೊಂಡೆವು. ಸ್ವಲಾತ್ ಹೇಳುತ್ತಾ ಓಡುವಾಗ ಅದರ ನಡುವೆ ಉಸಿರು ಕಡಿದರೆ ವೇಗ ಹೆಚ್ಚಾಯಿತೆಂದು ಅರ್ಥ.

ಹಾಲಿನ ಸೊಸೈಟಿಗೆ ಹೊರಟಿದ್ದ ನೆರೆಯ ಹಿರಿಯರೊಬ್ಬರು ಮೊದಲ ದಿನ ತುಳುವಿನಲ್ಲಿ, ಉಸ್ತಾದರನ್ನು ಅಟ್ಟಿಸಿಕೊಂಡು ಬರುತ್ತಿರುವವರು ಯಾರು ಎಂದು ಕೇಳಿದರು. ಎರಡನೆಯ ವಾರದಲ್ಲಿ ಅವರು ನಮ್ಮನ್ನು ನೋಡುವುದನ್ನೇ ಬಿಟ್ಟರು. ನಾವು ಐದು ತಿಂಗಳು ಹೆದರಿಕೊಂಡಿದ್ದ ಲೋಕದ ನಾಲಿಗೆ ಎರಡು ವಾರಕ್ಕೇ ಬೇಸತ್ತಿತು.

ಉಡುಪಿನ ವಿಷಯವನ್ನೂ ಹೇಳಬೇಕು, ಏಕೆಂದರೆ ಸಹೋದರಿಯರು ಮೊದಲು ಕೇಳುವುದು ಅದನ್ನೇ. ಬುರ್ಖಾದ ಅಂಚು ಕಾಲಿಗೆ ತೊಡರಿ ಆಕೆ ಒಮ್ಮೆ ಬಿದ್ದಳು. ಬಳಿಕ ಮೊಣಕಾಲಿನ ಕೆಳಗಿನವರೆಗೆ ಬರುವ ಸಡಿಲ ಕುರ್ತಾ, ಸಡಿಲ ಪ್ಯಾಂಟು, ಪಿನ್ನಿನ ಹಂಗಿಲ್ಲದ ತಲೆವಸ್ತ್ರ ಸಾಕೆಂದು ನಿರ್ಧಾರವಾಯಿತು. ಹತ್ತಿ ಬೆವರು ಹೀರಿ ಭಾರವಾಗುತ್ತದೆ, ಬೇಗ ಒಣಗುವ ಬಟ್ಟೆಯೇ ಲೇಸು. 2024ರ ಆಗಸ್ಟ್ 11ರಂದು ಪ್ಯಾರಿಸ್ ಒಲಿಂಪಿಕ್ಸ್‌ನ ಮಹಿಳಾ ಮ್ಯಾರಥಾನ್ ಗೆದ್ದ, ಇಥಿಯೋಪಿಯಾದಲ್ಲಿ ಹುಟ್ಟಿ ನೆದರ್‌ಲ್ಯಾಂಡ್ಸ್ ಪರವಾಗಿ ಓಡುವ ಸಿಫಾನ್ ಹಸನ್, ಪದಕ ಸ್ವೀಕರಿಸಲು ಹಿಜಾಬ್ ಧರಿಸಿ ಬಂದ ಚಿತ್ರವನ್ನು ನಮ್ಮ ಮಗಳು ಆಕೆಯ ಫೋನಿಗೆ ಹಾಕಿಕೊಟ್ಟಿದ್ದಳು. ನಮ್ಮ ಜಿಲ್ಲೆಯದೇ ಸಿದ್ಧಾಪುರದ ಅಶ್ವಿನಿ ಅಕ್ಕುಂಜಿ 2010ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಾಗ ಇಡೀ ಕರಾವಳಿ ಸಂಭ್ರಮಿಸಿತ್ತು, ನಾವೂ ಸಂಭ್ರಮಿಸಿದ್ದೆವು. ಬೇರೆಯವರ ಮನೆಯ ಹೆಣ್ಣುಮಗಳು ಓಡಿದರೆ ಹೆಮ್ಮೆ ಪಡುವುದು ಎಷ್ಟು ಸುಲಭ!

ಮದ್ರಸಕ್ಕೆ ರಜೆಯಿರುವ ಶುಕ್ರವಾರ ನಮ್ಮ ದೀರ್ಘ ಓಟದ ದಿನ. ಬೆಳ್ಮಣ್‌ನಿಂದ ಪಡುಬಿದ್ರಿಯ ಕಡೆಗೆ ಇಳಿಜಾರು ಹೆಚ್ಚು. ಹೋಗುವಾಗ ಅದು ಅನುಗ್ರಹ, ಮರಳುವಾಗ ಪರೀಕ್ಷೆ. ಡಿಸೆಂಬರ್‌ನ ಒಂದು ಶುಕ್ರವಾರ ನಂದಿಕೂರು ದಾಟುವಾಗ ನಮ್ಮ ಮೊಣಕಾಲು ಹಿಡಿದುಕೊಂಡಿತು. ಆಕೆ ತಿರುಗಿ ನೋಡಿದಳು. ನಾವು ಮುಂದೆ ಹೋಗು ಎಂದು ಕೈಸನ್ನೆ ಮಾಡಿದೆವು. ಆ ದಿನ ಬಸ್ಸಿನಲ್ಲಿ ಮನೆಗೆ ಬಂದವರು ನಾವು, ಓಡಿ ಬಂದವಳು ಆಕೆ.

ಫೆಬ್ರವರಿಯಲ್ಲಿ ನಡೆಯುವ ಮಣಿಪಾಲ ಮ್ಯಾರಥಾನ್‌ನಲ್ಲಿ 21 ಕಿಲೋಮೀಟರ್‌ನ ಅರ್ಧ ಮ್ಯಾರಥಾನ್‌ಗೆ ಹೆಸರು ಕೊಟ್ಟೆವು. ಮಣ್ಣಪಳ್ಳ ಎಂಬ ಕೆರೆಯ ಹೆಸರೇ ಮಣಿಪಾಲವಾಯಿತೆಂದು ಕನ್ನಡ ತರಗತಿಯಲ್ಲಿ ಕಲಿತದ್ದು ನೆನಪಿದೆ. ಆ ಹೆಸರಿನ ತಗ್ಗು ನಮ್ಮ ಕಾಲಿಗಂತೂ ಸಿಗಲಿಲ್ಲ, ಸಿಕ್ಕಿದ್ದೆಲ್ಲ ಏರು. ಕತ್ತಲಿರುವಾಗಲೇ ಓಟ ಆರಂಭವಾಯಿತು. ವುಜೂ ಮನೆಯಿಂದಲೇ ಮಾಡಿ ಹೊರಟಿದ್ದೆವು. ಸುಬ್‌ಹಿಯ ಸಮಯವಾದಾಗ ರಸ್ತೆಯ ಬದಿಗೆ ಸರಿದು ಇಬ್ಬರೂ ಎರಡು ರಕಾತ್ ನಿರ್ವಹಿಸಿದೆವು. ಗಡಿಯಾರ ಅದರ ಪಾಡಿಗೆ ಓಡುತ್ತಿತ್ತು. ಹದಿನಾಲ್ಕನೆಯ ಕಿಲೋಮೀಟರಿನವರೆಗೆ ಜೊತೆಗಿದ್ದೆವು. ಬಳಿಕ ಆಕೆ ಮುಂದಾದಳು. ಆಕೆ 2 ಗಂಟೆ 51 ನಿಮಿಷದಲ್ಲಿ ಮುಗಿಸಿದಳು, ನಾವು ಒಂಬತ್ತು ನಿಮಿಷ ತಡವಾಗಿ. ಗೆರೆಯ ಆಚೆ ನೀರಿನ ಬಾಟಲಿ ಹಿಡಿದು ನಿಂತಿದ್ದವಳಿಗೆ ನಾವು ಹೇಳಿದ ಮೊದಲ ಮಾತು, ಮುಂದಿನ ವರ್ಷ ಇದನ್ನು ಸರಿಮಾಡುತ್ತೇವೆ ಎಂದು.

ಆಕೆಯ ಸಕ್ಕರೆ ಈಗ 101. ಗೆದ್ದೆವೆಂದು ಹೇಳುವಂತಿಲ್ಲ. 2023ರಲ್ಲಿ ಪ್ರಕಟವಾದ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹಿಗಳು 10 ಕೋಟಿಗೂ ಹೆಚ್ಚು, ಹೊಸ್ತಿಲಲ್ಲಿ ನಿಂತವರು ಸುಮಾರು 13.6 ಕೋಟಿ. ನಮ್ಮ ಮದುವೆ ಮನೆಗಳ ಊಟದ ಸಾಲಿನಲ್ಲಿ ಕುಳಿತವರಿಗೆ ಈ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ವಾರಕ್ಕೆ 150 ನಿಮಿಷಗಳ ಬಿರುಸಿನ ನಡಿಗೆಯಾದರೂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆ, ಪತ್ನಿಗೂ ಹಕ್ಕಿದೆ ಎಂಬ ಉಪದೇಶ ಹಝ್ರತ್ ಅಬ್ದುಲ್ಲಾಹಿಬ್ನು ಅಮ್ರ್(ರ)ರಿಗೆ ಅದಕ್ಕಿಂತ ಎಷ್ಟೋ ಮೊದಲೇ ಸಿಕ್ಕಿತ್ತು. ಪ್ರಶ್ನೆಯಿರುವುದು ಆ 150 ನಿಮಿಷಗಳನ್ನು ನಮ್ಮ ಹೆಂಗಸರು ಎಲ್ಲಿ ನಡೆಯಬೇಕು ಎಂಬುದರಲ್ಲಿ. ಎಲ್ಲರ ಗಂಡಂದಿರೂ ಮುಂಜಾನೆ ಜೊತೆಗೆ ಬರಲಾರರು. ಅನೇಕರು ಕೊಲ್ಲಿಯಲ್ಲಿದ್ದಾರೆ.

ಹೆಚ್ಚಿನ ಮಹಲ್ಲ್‌ಗಳಲ್ಲಿ ಮದ್ರಸಕ್ಕೊಂದು ಅಂಗಳವಿದೆ, ಆವರಣ ಗೋಡೆಯಿದೆ, ಗೇಟಿದೆ. ಅಸರ್‌ನಿಂದ ಮಗ್ರಿಬ್‌ವರೆಗೆ ಅದು ಖಾಲಿ ಬಿದ್ದಿರುತ್ತದೆ. ವಾರಕ್ಕೆ ನಾಲ್ಕು ದಿನ ಆ ಹೊತ್ತಿನಲ್ಲಿ ಗಂಡಸರು ಅತ್ತ ಸುಳಿಯದೆ, ಗೇಟಿನ ಕೀಲಿಯನ್ನು ಹೆಂಗಸರ ಕೈಗೇ ಕೊಡಬೇಕೆಂದು ನಾವು ಜಮಾಅತ್ ಕಮಿಟಿಗೆ ಲಿಖಿತ ಅರ್ಜಿ ಕೊಟ್ಟಿದ್ದೇವೆ. ಮುಸ್ನದ್‌ನ ಆ ಹದೀಸನ್ನೂ ಜೊತೆಗೆ ಬರೆದಿದ್ದೇವೆ. ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂಬ ಉತ್ತರ ಬಂದಿದೆ.

ಅಲ್ಲಿಯವರೆಗೆ ಶುಕ್ರವಾರದ ಓಟ ನಡೆದಿದೆ. ಈಗ ಇನ್ನೂ ಮೂರು ದಂಪತಿಗಳು ಬರುತ್ತಿದ್ದಾರೆ. ಅವರಲ್ಲಿ ಒಬ್ಬ ಗಂಡ ಮಾತ್ರ ಸದ್ಯಕ್ಕೆ ಸ್ಕೂಟರಿನಲ್ಲೇ ಹಿಂಬಾಲಿಸುತ್ತಾರೆ.