ಕಿರಿಯರೊಡನೆ ಎರಡು ಮಾತು: ಬೀಗದ ಕೈ ಯಾರ ಕೈಗೆ?



ಹೋದ ತಿಂಗಳು ಒಂದು ಶನಿವಾರ ಸಂಜೆ ನಮ್ಮ ಎದುರು ಮನೆಯ ಹುಡುಗ ಬಂದ. "ಕಾಕಾ, ನಾಳೆ ನಮ್ಮ ಚರ್ಚಿಗೆ ಬರ್ರಿ. ಹಳೇ ಪಾಸ್ಟರ್ ಹೊಂಟಾರ, ಹೊಸಬ್ರು ಬರ್ತಾರ. ಊಟಾನೂ ಅದ" ಎಂದು ಕರೆದ. ಅವರದು ಬೀದರ್ ಕಡೆಯ ಮೆಥೊಡಿಸ್ಟ್ ಕುಟುಂಬ. ಹುಡುಗ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ, ಹೈದರಾಬಾದಿನಲ್ಲಿ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಆಟೋದವರ ಜೊತೆ ದಖ್ಖನಿ, ಕಾಲೇಜಿನಲ್ಲಿ ಇಂಗ್ಲಿಷ್. ಥೇಟ್ ನಿಮ್ಮ ಹಾಗೆಯೇ! ನಾನು ಕ್ರೈಸ್ತನಲ್ಲ. ಆದರೆ ನೆರೆಮನೆಯ ಹುಡುಗ ಇಷ್ಟು ಪ್ರೀತಿಯಿಂದ ಕರೆದರೆ ಹೋಗದೆ ಇರುವುದು ಹೇಗೆ? ಹೋದೆ.

ನಿಜ ಹೇಳುತ್ತೇನೆ, ನಾನು ಎಣಿಸಿದ್ದು ಶಾಲು, ಹಾರ, ಹಣ್ಣಿನ ಬುಟ್ಟಿ ಮತ್ತು ಮುಗಿಯದ ಭಾಷಣ. ಅವೆಲ್ಲವೂ ಇದ್ದವು. ಆದರೆ ಆಮೇಲೆ ನಡೆದ ಒಂದು ಪ್ರಸಂಗ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಪಾಸ್ಟರ್ ಅವರ ಜೊತೆಗೇ ಆ ಸಭೆಯ ಹಳೆಯ ಖಜಾಂಚಿಯೂ ಅಂದು ಹುದ್ದೆ ಬಿಡುವವರಿದ್ದರು. ಎಪ್ಪತ್ತು ದಾಟಿದ ಹಿರಿಯರು, ಬಹುಕಾಲ ಆ ಪೆಟ್ಟಿಗೆಯನ್ನು ಕಾದವರು. ಅವರ ಜಾಗಕ್ಕೆ ಆರಿಸಿದ್ದು ಯಾವುದೋ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ ಮಾಡುವ, ಇನ್ನೂ ಇಪ್ಪತ್ತೈದು ತುಂಬದ ಒಬ್ಬ ಹುಡುಗಿಯನ್ನು. ಎಲ್ಲರೂ ಎದ್ದು ನಿಂತು ಹಿರಿಯರ ಸೇವೆಗಾಗಿ ಪ್ರಾರ್ಥಿಸಿದರು. ಅವರ ಕಣ್ಣಲ್ಲಿ ನೀರು. ಬೀಗದ ಕೈ, ಲೆಕ್ಕದ ಪುಸ್ತಕ, ರಸೀದಿ ಪುಸ್ತಕ ಎಲ್ಲವನ್ನೂ ಮೇಜಿನ ಮೇಲಿಟ್ಟರು. ಹುಡುಗಿ ಅವರ ಕಾಲು ಮುಟ್ಟಿ ನಮಸ್ಕರಿಸಿ, ಕುಳಿತು, ರಸೀದಿ ಪುಸ್ತಕ ತೆರೆದು ಎಣಿಸತೊಡಗಿದಳು. ಆಮೇಲೆ ತಲೆಯೆತ್ತಿ ಕೇಳಿದಳು: "ಅಜ್ಜಾ, ಇದರಾಗ ಎರಡು ಹಾಳಿ ಇಲ್ಲ. ಎಲ್ಲಿ ಹೋದ್ವು?"

ಸಭೆ ಒಂದು ಕ್ಷಣ ಸ್ತಬ್ಧ. ನನಗಂತೂ ಎದೆ ಧಸಕ್ಕೆಂದಿತು. ಆದರೆ ಅಜ್ಜನವರು ಸಿಟ್ಟಾಗಲಿಲ್ಲ. ತಮ್ಮ ಬೈಬಲ್ ತೆರೆದರು. ಹಾಳೆಗಳೆರಡೂ ಅದರೊಳಗೇ ಇದ್ದವು! ತಪ್ಪಾಗಿ ಬರೆದು ರದ್ದು ಮಾಡಿದ ರಸೀದಿಗಳು. "ಕೇಳಿದ್ದು ಛಲೋ ಆತವ್ವಾ, ನಾನೇ ಮರ್ತಿದ್ದೆ" ಎಂದು ಕೊಟ್ಟರು. ಎಲ್ಲರೂ ನಕ್ಕರು. ಹುಡುಗಿ ಸಹಿ ಹಾಕಿದಳು. ಆಮೇಲೆ ಊಟ.

ಮಿತ್ರರೇ, ಮನೆಗೆ ಬಂದ ಮೇಲೆ 'ಕೃತಜ್ಞತೆ' ಎಂಬ ಪದವನ್ನು ಮತ್ತೆ ಬಿಡಿಸಿ ನೋಡಿದೆ. 'ಕೃತ' ಎಂದರೆ ಮಾಡಿದ್ದು, 'ಜ್ಞ' ಎಂದರೆ ತಿಳಿದವನು. ಹಿಂದಿನವರು ಏನು ಮಾಡಿದ್ದಾರೆ ಎಂದು ತಿಳಿದವನೇ ಕೃತಜ್ಞ. ಬರಿಯ ಹಾರ ಹಾಕುವವನಲ್ಲ, ಲೆಕ್ಕ ತಿಳಿದವನು. ಆ ಹುಡುಗಿ ಕಾಲು ಮುಟ್ಟಿದ್ದೂ ಕೃತಜ್ಞತೆ, ಹಾಳೆ ಎಣಿಸಿದ್ದೂ ಕೃತಜ್ಞತೆ. ಇವೆರಡರಲ್ಲಿ ಒಂದನ್ನು ಬಿಟ್ಟರೂ ಹಸ್ತಾಂತರ ಪೂರ್ತಿಯಾಗುವುದಿಲ್ಲ.

ಈ ಮಾತನ್ನು ನಮ್ಮ ನಾಡಿನ ಇತಿಹಾಸದಲ್ಲೇ ಇಟ್ಟು ನೋಡೋಣ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಿಂದ ಬಂದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಕಾಲಿಟ್ಟದ್ದು 1834ರಲ್ಲಿ. ಕನ್ನಡಕ್ಕೆ ಅವರಿಂದ ಆದ ಉಪಕಾರ ನಿಮ್ಮಲ್ಲಿ ಕೆಲವರಿಗಾದರೂ ಗೊತ್ತಿರಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಅವರವರೇ. 1894ರಲ್ಲಿ ಪ್ರಕಟವಾದ ದೊಡ್ಡ ಕನ್ನಡ-ಇಂಗ್ಲಿಷ್ ನಿಘಂಟಿನ ಕರ್ತೃ ಫರ್ಡಿನಂಡ್ ಕಿಟ್ಟೆಲ್ ಅವರವರೇ. ನಿಮ್ಮ ಅಜ್ಜನ ಮನೆಯ ಮೇಲೆ ಹೊದಿಸಿದ್ದ ಮಂಗಳೂರು ಹೆಂಚು ಕೂಡ 1865ರಲ್ಲಿ ಅವರು ಹಾಕಿದ ಕಾರ್ಖಾನೆಯಿಂದ ಮೊದಲಾದದ್ದೇ. ಶಾಲೆ, ಮುದ್ರಣಾಲಯ, ನೇಯ್ಗೆ ಮಗ್ಗ, ದೇವಜ್ಞಾನ ಶಾಲೆ ಹೀಗೆ ಪಟ್ಟಿ ಬೆಳೆಯುತ್ತದೆ.

ಇನ್ನು ಪಟ್ಟಿಯ ಇನ್ನೊಂದು ಬದಿ. ಇಷ್ಟೆಲ್ಲ ನಡೆದರೂ ಮುಖ್ಯ ಕುರ್ಚಿಯಲ್ಲಿ ಕುಳಿತವರು ಯಾರು? ಹೆಚ್ಚಾಗಿ ಯುರೋಪಿನವರೇ. ಇಲ್ಲಿಯವರಲ್ಲಿ ಯೋಗ್ಯರಿರಲಿಲ್ಲವೇ? ಇದ್ದರು. ಮಂಗಳೂರಿನ ಆನಂದರಾವ್ ಕೌಂಡಿನ್ಯ 1844ರಲ್ಲಿ ಕ್ರೈಸ್ತರಾಗಿ, ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ದೀಕ್ಷೆ ಪಡೆದು, ಮಿಷನರಿಯಾಗಿ ಹಿಂದಿರುಗಿದರು. ಆದರೆ ಅಂಥವರು ವಿರಳ. ಉಪದೇಶಿಗಳು, ಶಾಲಾ ಮಾಸ್ತರರು, ಸಭಾ ಹಿರಿಯರು ಇಲ್ಲಿಯವರು. ತೀರ್ಮಾನ ಮತ್ತು ಹಣ ಮಾತ್ರ ಬಹುಮಟ್ಟಿಗೆ ಅಲ್ಲಿಯವರ ಕೈಯಲ್ಲಿ. ಪ್ರೀತಿಯಿಲ್ಲದೆ ಹಾಗೆ ಮಾಡಿದರೆಂದು ನಾನು ಹೇಳುವುದಿಲ್ಲ. 'ಇವರಿನ್ನೂ ಚಿಕ್ಕವರು, ಸ್ವಲ್ಪ ಕಾಯೋಣ' ಎಂಬುದು ಎಲ್ಲ ಹಿರಿಯರ ಮಾತು. ನನ್ನದೂ ಅದೇ ಮಾತಾಗಿತ್ತು. ಅದನ್ನು ಆಮೇಲೆ ಹೇಳುತ್ತೇನೆ.

1914ರಲ್ಲಿ ಮಹಾಯುದ್ಧ ಬಂತು. ಮಿಷನ್ನಿನ ಕೆಲಸಗಾರರಲ್ಲಿ ಬಹಳ ಮಂದಿ ಜರ್ಮನರು. ಅಂದರೆ ಬ್ರಿಟಿಷ್ ಸರ್ಕಾರದ ಕಣ್ಣಿಗೆ ಶತ್ರುಗಳು. ಅವರನ್ನು ಬಂಧನ ಶಿಬಿರಗಳಲ್ಲಿಟ್ಟರು. 1915-16ರಲ್ಲಿ ಹಡಗು ಹತ್ತಿಸಿ ಯುರೋಪಿಗೆ ಕಳಿಸಿದರು. ಭಾರತದ ಜರ್ಮನ್ ಮಿಷನರಿ ಕುಟುಂಬಗಳನ್ನು ಹೀಗೆ ಒಯ್ದ ಹಡಗಿನ ಹೆಸರೇನು ಗೊತ್ತೇ? 'ಗೋಲ್ಕೊಂಡ'! ಭಾನುವಾರ ಸ್ನೇಹಿತರ ಜೊತೆ ನೀವು ಹತ್ತುವ ನಮ್ಮ ಕೋಟೆಯ ಹೆಸರೇ. ಮುಂದೆ ಮಿಷನ್ನಿನ ಹೆಂಚಿನ ಕಾರ್ಖಾನೆಗಳೂ ಮಗ್ಗಗಳೂ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು.

ಎಂಬತ್ತು ವರ್ಷ 'ಕಾಯೋಣ' ಎಂದದ್ದು ಒಂದೆರಡು ವರ್ಷಗಳಲ್ಲಿ ಹೇಗೋ ಆಗಿಯೇಹೋಯಿತು. ಹಾರವಿಲ್ಲ, ಬೀಳ್ಕೊಡುಗೆಯಿಲ್ಲ, ಮೇಜಿನ ಮೇಲೆ ಬೀಗದ ಕೈ ಇಡಲು ಪುರಸೊತ್ತೂ ಇಲ್ಲ. ಆದರೂ ಕನ್ನಡ ಸಭೆಗಳು ಮುಚ್ಚಿಹೋಗಲಿಲ್ಲ. ಮಂಗಳೂರು, ಉಡುಪಿ, ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಭಾನುವಾರದ ಗಂಟೆ ಬಾರಿಸುತ್ತಲೇ ಇತ್ತು. ಏಕೆಂದರೆ ಕುರ್ಚಿ ಕೊಡದಿದ್ದರೂ ಅಕ್ಷರ ಕೊಟ್ಟಿದ್ದರು. ಕಲಿತ ಮಾಸ್ತರರು ಇದ್ದರು, ಓದಬಲ್ಲ ತಾಯಂದಿರು ಇದ್ದರು, ಬೋಧಿಸಬಲ್ಲ ಪಾದ್ರಿಗಳು ಇದ್ದರು. ಯುದ್ಧ ಮುಗಿದ ಎಷ್ಟೋ ಕಾಲದ ಮೇಲೆ ಮಿಷನರಿಗಳು ಮತ್ತೆ ಬಂದಾಗ ಅವರನ್ನು ಬರಮಾಡಿಕೊಂಡದ್ದು ತನ್ನ ಕಾಲ ಮೇಲೆ ನಿಲ್ಲುವುದನ್ನು ಕಲಿತಿದ್ದ ಸಮುದಾಯ.

ಆ ಕಾಲದ ಪಾದ್ರಿಗಳಲ್ಲಿ ಒಬ್ಬರನ್ನು ನೀವು ಮರೆಯಬಾರದು. ರೆವರೆಂಡ್ ಚನ್ನಪ್ಪ ಉತ್ತಂಗಿ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಕಲಿತು, ಅದೇ ಮಿಷನ್ನಿನ ಪಾದ್ರಿಯಾದವರು. ಮಿಷನರಿಗಳು ಕಲಿಸಿದ್ದು ವಿದ್ಯೆ. ಆ ವಿದ್ಯೆಯಿಂದ ಇವರು ಹುಡುಕಿ ತೆಗೆದದ್ದು ಏನನ್ನು? ಜನರ ಬಾಯಲ್ಲಿ, ಹಳೆಯ ಹಸ್ತಪ್ರತಿಗಳಲ್ಲಿ ಚೆದುರಿಹೋಗಿದ್ದ ಸರ್ವಜ್ಞನ ತ್ರಿಪದಿಗಳನ್ನು! ವರ್ಷಗಟ್ಟಲೆ ಕೂಡಿಸಿ, ಶುದ್ಧಪಡಿಸಿ, 1924ರಲ್ಲಿ ಪುಸ್ತಕವಾಗಿ ತಂದರು. ಇಂದು ನಮ್ಮ ಸಂಘದ ಸ್ಪರ್ಧೆಗಳಲ್ಲಿ ನೀವು ಸರ್ವಜ್ಞನನ್ನು ಬಾಯಿಪಾಠ ಒಪ್ಪಿಸುತ್ತೀರಲ್ಲ, ಅದರ ಹಿಂದೆ ಒಬ್ಬ ಪಾದ್ರಿಯ ದುಡಿಮೆಯಿದೆ. ಕೊಟ್ಟವರು ಕನಸಿನಲ್ಲೂ ಎಣಿಸದ ಕಡೆಗೆ ಅವರು ಕೊಟ್ಟದ್ದನ್ನು ಬೆಳೆಸಿದರು ಉತ್ತಂಗಿಯವರು. 1949ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದವರು ಅವರೇ. ಆಗ ಕಲಬುರಗಿ ಇದ್ದದ್ದು ನಮ್ಮ ಹೈದರಾಬಾದ್ ರಾಜ್ಯದಲ್ಲಿ. ನಿಜಾಮರ ಆಳ್ವಿಕೆ ಮುಗಿದು ಹೆಚ್ಚು ಕಾಲವಾಗಿರಲಿಲ್ಲ. ಕನ್ನಡ ಜಿಲ್ಲೆಗಳು ಕರ್ನಾಟಕದೊಡನೆ ಒಂದಾಗಲು 1956ರ ನವೆಂಬರ್ 1ರವರೆಗೆ ಕಾಯಬೇಕಿತ್ತು. ಅಂಥ ಹೊತ್ತಿನಲ್ಲಿ ಕನ್ನಡಿಗರ ಸಮ್ಮೇಳನದ ಮುಖ್ಯ ಕುರ್ಚಿಯಲ್ಲಿ ಕುಳಿತವರು ಒಬ್ಬ ಕ್ರೈಸ್ತ ಪಾದ್ರಿ, ಬಸವಣ್ಣನವರ ಕಾಲದ ವಚನಗಳನ್ನು ಆಳವಾಗಿ ಓದಿದವರು. ಇದು ನಮ್ಮ ಪರಂಪರೆ.

ಈಗ ಇದೇ ತೆಲಂಗಾಣದ ಇನ್ನೊಂದು ಉದಾಹರಣೆ. ಕಾಜಿಪೇಟೆಯಿಂದ ವಿಜಯವಾಡಕ್ಕೆ ರೈಲಿನಲ್ಲಿ ಹೋಗುವಾಗ ಡೋರ್ನಕಲ್ ಜಂಕ್ಷನ್ ಸಿಗುತ್ತದೆ. ಚಹಾ ಕುಡಿದು ಮರೆತುಬಿಡುವ ಊರು. ಆಂಗ್ಲಿಕನ್ ಸಭೆಯ ಮೊಟ್ಟಮೊದಲ ಭಾರತೀಯ ಬಿಷಪ್ ಇದ್ದದ್ದು ಆ ಊರಿನಲ್ಲಿ. ಹೆಸರು ವಿ. ಎಸ್. ಅಜರಯ್ಯ. ತಿರುನೆಲ್ವೇಲಿ ಸೀಮೆಯ ತಮಿಳರು. ತೆಲುಗು ಅವರ ಮನೆಮಾತಲ್ಲ, ದೊಡ್ಡವರಾದ ಮೇಲೆ ಕಲಿತದ್ದು. (ಕನ್ನಡ ಓದಲು ಇನ್ನು ವಯಸ್ಸು ಮೀರಿತು ಎನ್ನುವವರು ಗಮನಿಸಿ!) 1910ರಲ್ಲಿ ಎಡಿನ್‌ಬರೋದಲ್ಲಿ ಸೇರಿದ್ದ ಜಗತ್ತಿನ ಮಿಷನರಿಗಳ ಸಮ್ಮೇಳನದಲ್ಲಿ ಈ ತರುಣ ಎದ್ದು ನಿಂತು, ನೀವು ನಮಗಾಗಿ ಬಹಳ ತ್ಯಾಗ ಮಾಡಿದ್ದೀರಿ, ಆದರೆ ನಮಗೆ ಬೇಕಾದದ್ದು ಸ್ನೇಹ, ಸಮಾನರಾಗಿ ಕಾಣುವ ಮನಸ್ಸು ಎಂಬ ಅರ್ಥದ ಮಾತು ಹೇಳಿದರು. ಕೇಳಿದವರಲ್ಲಿ ಕೆಲವರಿಗೆ ಕೋಪವೂ ಬಂತು. ನೋಡಿ, ಇಲ್ಲೂ ಕೃತಜ್ಞತೆ ಮತ್ತು ಲೆಕ್ಕ ಒಟ್ಟಿಗೇ ಇವೆ!

ಭಾರತೀಯನೊಬ್ಬ ಬಿಷಪ್ ಆಗುವುದಕ್ಕೆ ಬಿಳಿಯರಲ್ಲೂ ಇಲ್ಲಿಯವರಲ್ಲೂ ವಿರೋಧವಿತ್ತು. ಮದ್ರಾಸಿನ ಬಿಷಪ್ ಹೆನ್ರಿ ವೈಟ್‌ಹೆಡ್ ಮಾತ್ರ ಅವರ ಬೆನ್ನಿಗೆ ನಿಂತರು. 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ಅಜರಯ್ಯನವರ ಅಭಿಷೇಕವಾಯಿತು. ಮೊದಲು ವಹಿಸಿಕೊಟ್ಟದ್ದು ಚಿಕ್ಕ ಪ್ರದೇಶ, ಅದು ಮುಂದೆ ಬೆಳೆಯಿತು. ದಕ್ಷಿಣದ ಬೇರೆ ಬೇರೆ ಪಂಗಡಗಳು ಒಂದೇ ಸಭೆಯಾಗಬೇಕೆಂದು ಜೀವಮಾನವೆಲ್ಲ ದುಡಿದು 1945ರ ಜನವರಿ 1ರಂದು ತೀರಿಕೊಂಡರು. ದಕ್ಷಿಣ ಭಾರತ ಸಭೆ ಉದಯವಾದದ್ದು 1947ರ ಸೆಪ್ಟೆಂಬರ್ 27ರಂದು. ಅವರು ಅದನ್ನು ನೋಡಲಿಲ್ಲ. ಆದರೆ ಮುಂದುವರಿಸುವವರನ್ನು ತಯಾರು ಮಾಡಿಟ್ಟಿದ್ದರು.

ಮಂಗಳೂರಿನಲ್ಲಿ ಬಿರುಗಾಳಿ ಬಂದು ಬೀಗದ ಕೈ ಕಸಿದು ಕೊಟ್ಟಿತು. ಡೋರ್ನಕಲ್ಲಿನಲ್ಲಿ ಒಬ್ಬ ಹಿರಿಯ, ತಾನು ಗಟ್ಟಿಯಾಗಿರುವಾಗಲೇ, ಕಿರಿಯನಿಗೆ ದಾರಿ ಬಿಟ್ಟುಕೊಟ್ಟ. ಎರಡೂ ಕಡೆ ಕೆಲಸ ನಿಲ್ಲಲಿಲ್ಲ. ಆದರೆ ಯಾವ ದಾರಿ ಲೇಸು ಎಂದು ಬೇರೆ ಹೇಳಬೇಕೇ?

ಈಗ ನನ್ನ ತಪ್ಪಿನ ಕಥೆ. ಕೆಲವು ವರ್ಷಗಳ ಹಿಂದೆ ಒಂದು ರಾಜ್ಯೋತ್ಸವದ ಸಂಜೆ ನಿಮ್ಮ ವಯಸ್ಸಿನ ಹುಡುಗಿಯೊಬ್ಬಳು ಕಾರ್ಯಕ್ರಮ ನಿರೂಪಣೆ ಮಾಡುತ್ತೇನೆಂದು ತಾನಾಗಿ ಮುಂದೆ ಬಂದಳು. ಮಾತಿನಲ್ಲಿ ತೆಲುಗಿನ ಎಳೆ ಇತ್ತು. 'ಹೃದಯ'ವನ್ನು 'ರುದಯ' ಎಂದಳು. ನಾನು ಮುಂದಿನ ಸಾಲಿನಿಂದ ಎಲ್ಲರಿಗೂ ಕೇಳುವಂತೆ ತಿದ್ದಿದೆ. ಒಂದು ಸಲವಲ್ಲ, ಮೂರು ಸಲ. ಸಭೆ ನಕ್ಕಿತು. ಅವಳು ಕಾರ್ಯಕ್ರಮ ಮುಗಿಸಿದಳು, ವಂದಿಸಿದಳು, ಹೋದಳು. ಮತ್ತೆ ಬರಲಿಲ್ಲ. ಅವಳ ತಮ್ಮನೂ ಬರಲಿಲ್ಲ. ಅಂದು ರಾತ್ರಿ ನಾನು ಕನ್ನಡವನ್ನು ಕಾಪಾಡಿದೆನೆಂದು ನೆಮ್ಮದಿಯಿಂದ ಮಲಗಿದೆ! ಮೊನ್ನೆ ಆ ಖಜಾಂಚಿ ಅಜ್ಜನವರು ಬೈಬಲ್ ತೆರೆದು ಹಾಳೆ ಕೊಟ್ಟಾಗ ನನಗೆ ನೆನಪಾದದ್ದು ಅವಳೇ. ಅವರಿಗೆ ಪೆಟ್ಟಿಗೆಗಿಂತ ಅದನ್ನು ತೆಗೆದುಕೊಳ್ಳುವ ಕೈ ದೊಡ್ಡದಾಗಿತ್ತು. ನನಗೆ ಉಚ್ಚಾರಣೆ ದೊಡ್ಡದಾಗಿತ್ತು. ಮಗಳೇ, ಈ ಪುಟ ನಿನ್ನ ಕಣ್ಣಿಗೆ ಬಿದ್ದರೆ, ತಪ್ಪು ನನ್ನದು. ಒಮ್ಮೆ ಬಾ.

ನಿಮ್ಮೆಲ್ಲರಿಗೂ ನನ್ನ ಕೋರಿಕೆ ಇಷ್ಟೇ. ಹಿರಿಯರು ಕರೆಯಲಿ ಎಂದು ಕಾಯಬೇಡಿ. ಮುಂದಿನ ವಾರ್ಷಿಕ ಸಭೆಗೆ ಬನ್ನಿ, ಊಟದ ಹೊತ್ತಿಗಲ್ಲ, ಲೆಕ್ಕ ಓದುವ ಹೊತ್ತಿಗೆ. ಪುಸ್ತಕ ಕೇಳಿ ತೆಗೆದು ನೋಡಿ. ಈ ಸಂಘವನ್ನು ಕಟ್ಟಿದವರು ಯಾರು, ಬಾಡಿಗೆಗೆ ದುಡ್ಡಿಲ್ಲದಾಗ ಯಾರ ಮನೆಯಲ್ಲಿ ಸೇರುತ್ತಿದ್ದರು ಎಂದು ಕೇಳಿ. ಸರಿಯಾದದ್ದನ್ನು ಸರಿ ಎನ್ನಿ. ಕಾಣದ ಹಾಳೆಯ ಬಗ್ಗೆ ಗೌರವದಿಂದ, ಆದರೆ ಗಟ್ಟಿಯಾಗಿ ಕೇಳಿ. ಕನ್ನಡ ಓದಲು ಬಾರದಿದ್ದರೆ ತೆಲುಗು ಲಿಪಿಯಲ್ಲಿ ಬರೆದುಕೊಂಡು ಮಾತಾಡಿ, ನಾಚಿಕೆಯಿಲ್ಲ. ಎರಡೂ ಲಿಪಿಗಳು ಒಂದೇ ತಾಯಿಯ ಮಕ್ಕಳು, ಹದಿನೈದು ದಿನ ಕೂತರೆ ಕನ್ನಡದ್ದೂ ಬರುತ್ತದೆ.

ನನ್ನ ಪಾಲಿನದನ್ನೂ ಹೇಳಿಬಿಡುತ್ತೇನೆ. ಮುಂದಿನ ಸಂಚಿಕೆಯಿಂದ ಈ ಪುಟದ ಅರ್ಧ ನಿಮ್ಮದು. ಎದುರು ಮನೆಯ ಹುಡುಗ ಆಗಲೇ ಒಪ್ಪಿಕೊಂಡಿದ್ದಾನೆ. "ಕಾಕಾ, ಕಾಗುಣಿತ ತಪ್ಪಾದ್ರ?" ಎಂದು ಕೇಳಿದ. "ತಪ್ಪಾದ್ರ ಇಬ್ರೂ ಕೂತು ತಿದ್ದೂಣು, ಮುಂದಿನ ಸಾಲಿನ್ಯಾಗ ಕೂತು ಅಲ್ಲ" ಎಂದೆ.

ಉಳಿದರ್ಧಕ್ಕೆ ಯಾರು ಬರುತ್ತೀರಿ? ಕಾಯುತ್ತಿರುತ್ತೇನೆ.

ನಿಮ್ಮ ಕಾಕಾ