ಮದ್ದಿನಷ್ಟೇ ಮುಖ್ಯ, ಮದ್ದನ್ನು ಹೊರುವ ವಸ್ತು

ಗಾಯ ಮಾಯಲು ದೇಹವೇ ಬೆಳವಣಿಗೆ ಅಂಶಗಳೆಂಬ ಪ್ರೋಟೀನುಗಳನ್ನು ಸ್ರವಿಸುತ್ತದೆ. ಅವನ್ನೇ ತಯಾರಿಸಿ ಗಾಯಕ್ಕೆ ಕೊಟ್ಟರಾಯಿತು ಎಂಬ ಭರವಸೆಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲಿ ಮಧುಮೇಹಿಗಳ ಪಾದದ ಹುಣ್ಣಿಗೆ ಬೆಕಾಪ್ಲರ್ಮಿನ್ ಜೆಲ್ಲನ್ನೂ 2002ರಲ್ಲಿ ಸೊಂಟದ ಭಾಗದ ಬೆನ್ನುಮೂಳೆ ಬೆಸೆಯಲು ಬಿಎಂಪಿ-2 ಪ್ರೋಟೀನನ್ನೂ ಒಪ್ಪಿತು. ಎರಡನೆಯದರ ಪಾಠ ಕಠಿಣವಾದುದು. ಕೊಲಾಜೆನ್ ಸ್ಪಂಜನ್ನು ಪ್ರೋಟೀನಿನ ದ್ರಾವಣದಲ್ಲಿ ನೆನೆಸಿ ಮೂಳೆಗಳ ನಡುವೆ ಇಡುತ್ತಾರೆ. ಸ್ಪಂಜು ಅದನ್ನು ಬಿಗಿಯಾಗಿ ಹಿಡಿದಿಡದು. ಹಾಗಾಗಿ ದೇಹದ ಸಹಜ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು, ಮಿಲಿಗ್ರಾಂ ಲೆಕ್ಕದಲ್ಲಿ ಸುರಿಯಬೇಕಾಯಿತು. ಅನುಮತಿಯಿಲ್ಲದ ಕತ್ತಿನ ಶಸ್ತ್ರಚಿಕಿತ್ಸೆಗೂ ಬಳಸಿದಾಗ ಕೆಲವರ ಗಂಟಲು ಊದಿಕೊಂಡು ಉಸಿರಿಗೇ ಕುತ್ತು ಬಂತು. 2008ರಲ್ಲಿ ಎಫ್‌ಡಿಎ ಎಚ್ಚರಿಸಬೇಕಾಯಿತು.

ದೇಹ ಇಂಥ ದುಂದು ಮಾಡುವುದಿಲ್ಲ. ಜೀವಕೋಶಗಳ ಸುತ್ತಲಿನ ಜಾಲದಲ್ಲಿರುವ ಹೆಪರಾನ್ ಸಲ್ಫೇಟ್ ಎಂಬ ವಸ್ತು ಈ ಪ್ರೋಟೀನುಗಳನ್ನು ಹಿಡಿದಿಟ್ಟು, ಕಿಣ್ವಗಳಿಂದ ಕಾಪಾಡಿ, ಬೇಕಾದಲ್ಲಿ ಬೇಕಾದಷ್ಟೇ ಬಿಡುತ್ತದೆ. ಆ ಗುಣವನ್ನು ಅನುಕರಿಸುವ ಜೆಲ್‌ಗಳ ಸಂಶೋಧನೆಗೇ ಆದ್ಯತೆ ಸಿಗಬೇಕು. ಮಧುಮೇಹಿಗಳಿಗೆ ಬೇಕಾದ ರಕ್ತದ ಸಕ್ಕರೆಯ ಹತೋಟಿ, ಗಾಯದ ಶುಚಿ, ಪಾದದ ಮೇಲಿನ ಭಾರ ತಗ್ಗಿಸುವ ಚಪ್ಪಲಿ ಇವೇ ಎಲ್ಲರಿಗೂ ಸಿಗದಿರುವಾಗ ದುಬಾರಿ ಜೆಲ್ ಯಾಕೆ ಎಂಬ ಆಕ್ಷೇಪ ನ್ಯಾಯವಾದುದೇ. ಆರೈಕೆಯಿಲ್ಲದೆ ಯಾವ ಜೆಲ್ಲೂ ಫಲ ಕೊಡದು. ಆದರೆ ಬೆಲೆ ಮತ್ತು ಅಪಾಯ ಎರಡಕ್ಕೂ ಒಂದು ಕಾರಣ ದೊಡ್ಡ ಡೋಸು. ಒಳ್ಳೆಯ ವಾಹಕ ಅದನ್ನೇ ತಗ್ಗಿಸಬಲ್ಲದು. ಹೊಸ ಉತ್ಪನ್ನ ಬಂದಾಗ ಅದರೊಳಗೆ ಏನಿದೆ ಎಂದಷ್ಟೇ ಕೇಳಿದರೆ ಸಾಲದು. ಅದು ಎಷ್ಟು ಹೊತ್ತು, ಎಲ್ಲಿ ನಿಲ್ಲುತ್ತದೆ ಎಂದೂ ನಿಯಂತ್ರಕರು ಕೇಳಲಿ.