ಚಿನ್ನ ನಿಮಗೆ, ಧೂಳು ಅವರಿಗೆ?

ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತಿದವರಿಗೆ ಕೆಜಿಎಫ್‌ನ ಸೈನೈಡ್ ಗುಡ್ಡಗಳು ಹೊಸದಲ್ಲ. 2018ರ ‘ಕೆಜಿಎಫ್’ ಸಿನೆಮಾ ನೋಡಿದವರಿಗೆ ಅದು ಸೆಟ್ಟು. ಅಲ್ಲಿನವರಿಗೆ ಗಾಳಿ ಬೀಸಿದಾಗಲೆಲ್ಲ ಮನೆಯೊಳಗೆ ಬರೋ ಧೂಳು.

ಗಣಿ ಮುಚ್ಚಿದ್ದು 2001ರಲ್ಲಿ. 2024ರಲ್ಲಿ ರಾಜ್ಯ ಸಂಪುಟ 13 ಗುಡ್ಡಗಳಿಂದ ಉಳಿದ ಚಿನ್ನ ತೆಗೆಯೋಕೆ ಒಪ್ಪಿತು. ತೆಗೀಲಿ ಸ್ವಾಮಿ, ಬೇಡ ಅಂದವರ್ಯಾರು? ಆದರೆ ಟನ್ನಿಗೆ ಒಂದು ಗ್ರಾಂ ಚಿನ್ನವೂ ಇಲ್ಲ. ಮಿಕ್ಕ 3.3 ಕೋಟಿ ಟನ್ ಪುಡಿ ಎಲ್ಲಿಗೆ?

ದಾರಿ ಇದೆ. ಚಿನ್ನ ತೆಗೆದ ಕೆಸರನ್ನು ಫಿಲ್ಟರ್ ಪ್ರೆಸ್ಸಲ್ಲಿ ಹಿಂಡಿ ಗಟ್ಟಿ ಬಿಲ್ಲೆ ಮಾಡೋದು. ಆ ಬಿಲ್ಲೆ ಎಲ್ಲ ಕಡೆ ಒಂದೇ ಸಮ ಇರಬೇಕು. ಬಿರುಕು ಬಿಟ್ಟರೆ ತೊಳೆಯೋ ನೀರು ಬಿರುಕಲ್ಲೇ ಓಡಿಹೋಗುತ್ತೆ, ಸೈನೈಡು ಅಲ್ಲೇ ಉಳಿಯುತ್ತೆ. ಸರಿಯಾಗಿ ತೊಳೆದು, ಹಿಂಡಿ, ಪೇರಿಸಿ, ಮೇಲೆ ಮಣ್ಣು ಮುಚ್ಚಿ ಹುಲ್ಲು ಬೆಳೆಸಿದರೆ ಧೂಳು ಏಳೋಲ್ಲ.

ದುಬಾರಿ ಅಂತಾರೆ. ಹೌದು, ದುಬಾರಿಯೇ. ಆದರೆ ಹಿಂಡಿದ ನೀರು ಮತ್ತೆ ಬಳಕೆಗೆ ಸಿಗುತ್ತೆ. ಬೋರ್‌ವೆಲ್ ಬತ್ತೋ ಕೋಲಾರದಲ್ಲಿ ಅದೇನು ಕಮ್ಮಿ ಲಾಭವೇ? ಅಷ್ಟೂ ಖರ್ಚು ಭರಿಸೋಕಾಗದ ಗುತ್ತಿಗೆದಾರ ಗುಡ್ಡ ಮುಟ್ಟಲೇಬಾರದು.

ಈ ಷರತ್ತು ಕರಾರಲ್ಲಿ ಇರಲೇಬೇಕು. ಇಲ್ಲದಿದ್ದರೆ ಗುಡ್ಡ ಜಾಗ ಬದಲಿಸುತ್ತೆ, ಧೂಳು ವಿಳಾಸ ಬದಲಿಸಲ್ಲ. ನೀವೇನಂತೀರಿ?